ಹಾಸಿಗೆ ಹಿಡಿಯುವ ತನಕ ಕಾಯಬೇಡಿ: ಆರೋಗ್ಯ ವಿಮೆಯವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್,
ಹಾಗೂ ನಮ್ಮ ರಾಜ್ಯದಲ್ಲಿ ಆರೋಗ್ಯ ವಿಮೆ ಮಾರುವ ಎಲ್ಲ ಕಂಪನಿಗಳ ಮುಖ್ಯಸ್ಥರು.

ವಿಷಯ: ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರದೆ ಪಡೆಯುವ ಚಿಕಿತ್ಸೆಗೂ ವಿಮೆ ಕೊಡುವುದು ಮತ್ತು ಆ ಚಿಕಿತ್ಸೆ ಮಾಡುವವರ ಜೊತೆ ನಿಲ್ಲುವುದು.

ಮಾನ್ಯರೇ,

ನಾನು ದಾವಣಗೆರೆಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ಅದನ್ನು ಮನೋವೈದ್ಯರು ಮಾಡುತ್ತಾರೆ, ಅದರ ಜೊತೆಗೆ ಬೇಕಾದ ಥೆರಪಿ ನಾನು ಮಾಡುತ್ತೇನೆ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನನ್ನ ಹೆಸರು ನೋಂದಣಿಯಾಗಿದೆ. ವಿದ್ಯಾನಗರದ ಕಡೆ ಒಂದು ಮನೆಯ ಮಹಡಿಯಲ್ಲಿ ನನ್ನ ಕ್ಲಿನಿಕ್ ಇದೆ. ಎರಡು ಕುರ್ಚಿ, ಒಂದು ಟೇಬಲ್, ಹೊರಗೆ ಕಾಯುವವರಿಗೆ ಒಂದು ಬೆಂಚು. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಹೊರಟು ಜನ ಬರುತ್ತಾರೆ. ಮಾತಾಡುತ್ತಾರೆ, ಅಳುತ್ತಾರೆ, ಕಲಿತುಕೊಂಡು ಹೋಗುತ್ತಾರೆ, ಮತ್ತೆ ಮುಂದಿನ ವಾರ ಬರುತ್ತಾರೆ. ಅವರನ್ನು ಮಲಗಿಸುವ ಹಾಸಿಗೆ ನನ್ನಲ್ಲಿಲ್ಲ. ಅಷ್ಟೇ ಕಾರಣಕ್ಕೆ ಅವರ ವಿಮೆಗೂ ನನಗೂ ಸಂಬಂಧವೇ ಇಲ್ಲದ ಹಾಗಾಗಿದೆ.

ಒಬ್ಬರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಎರಡು ವರ್ಷದ ಹಿಂದೆ, ಆಷಾಢದಲ್ಲಿ, ಒಬ್ಬ ಶಾಲಾ ಶಿಕ್ಷಕಿ ಬಂದರು. ಕುರ್ಚಿಯಲ್ಲಿ ಕೂರುವ ಮೊದಲು ಬ್ಯಾಗಿನಿಂದ ಒಂದು ಹಳೆಯ ಬಟ್ಟೆ ತೆಗೆದು ಹಾಸಿಕೊಂಡರು. ಕೈ ತೋರಿಸಿ ಅಂದೆ. ಎರಡೂ ಅಂಗೈ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದವು. ಬೆರಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಟ್ಟೆ ಒಗೆಯುವ ಪೌಡರಿನಲ್ಲಿ ದಿನಕ್ಕೆ ಐವತ್ತು ಅರವತ್ತು ಸಲ ಕೈ ತೊಳೆಯುತ್ತಿದ್ದರು. ಮಕ್ಕಳ ನೋಟ್‌ಬುಕ್ ಮುಟ್ಟಿದರೂ ತೊಳೆಯಬೇಕು, ಸೀಮೆಸುಣ್ಣ ಹಿಡಿದರೂ ತೊಳೆಯಬೇಕು. ಮನೆಯಲ್ಲಿ ಮಗಳನ್ನು ಅಪ್ಪಿಕೊಂಡು ನಾಲ್ಕು ತಿಂಗಳಾಗಿತ್ತು. 'ಹುಚ್ಚು ಹಿಡಿದಿದೆ ಅಂತ ತಿಳ್ಕೋಬೇಡ್ರಿ ಮೇಡಂ, ನಂಗೆ ಗೊತ್ತಾಗುತ್ತೆ ಇದು ಸರಿಯಿಲ್ಲ ಅಂತ, ಆದ್ರೆ ಬಿಡಕ್ಕಾಗ್ತಿಲ್ಲ' ಅಂದರು.

ಇದು ಒಸಿಡಿ, ಅಂದರೆ ಗೀಳು ಕಾಯಿಲೆ. ಇದರ ತೀವ್ರತೆ ಅಳೆಯಲು ಪ್ರಪಂಚದಾದ್ಯಂತ ಬಳಸುವ ಒಂದು ಮಾಪಕ ಇದೆ. ಅದರಲ್ಲಿ ಗರಿಷ್ಠ 40 ಅಂಕ. 24 ಮುಟ್ಟಿದರೆ ತೀವ್ರ ಅಂತ ಲೆಕ್ಕ. ಇವರದು 28 ಇತ್ತು. ಮನೋವೈದ್ಯರು ಮಾತ್ರೆ ಶುರು ಮಾಡಿದರು. ನಾನು ಥೆರಪಿ ಶುರು ಮಾಡಿದೆ. ಗೀಳಿಗೆ ಮಾಡುವ ಥೆರಪಿ ಬರೀ ಸಮಾಧಾನದ ಮಾತಲ್ಲ. ಭಯ ಹುಟ್ಟಿಸುವ ವಸ್ತುವನ್ನು ಬೇಕೆಂದೇ ಮುಟ್ಟಬೇಕು, ಮುಟ್ಟಿ ತೊಳೆಯದೆ ಇರಬೇಕು. ಭಯ ಏರುತ್ತದೆ, ಏರಿ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯುವುದನ್ನು ಮೈಯೇ ಕಲಿಯಬೇಕು.

ಮೂರನೇ ವಾರ ನನ್ನ ಕ್ಲಿನಿಕ್ಕಿನ ಬಾಗಿಲ ಚಿಲಕ ಹಿಡಿದು ನಿಂತರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ಹತ್ತು ನಿಮಿಷ ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಇನ್ನೊಂದು ಕೈಯನ್ನೂ ಎತ್ತಲಿಲ್ಲ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳುತ್ತಾ ಹೋದೆ. ಒಂಬತ್ತು, ಒಂಬತ್ತು, ಎಂಟು. ನಲವತ್ತು ನಿಮಿಷ ಆದ ಮೇಲೆ ಮೂರು ಅಂದರು. ಕೈ ತೊಳೆಯದೆ ಬಸ್ ಹತ್ತಿ ಮನೆಗೆ ಹೋದರು. ಅವತ್ತು ರಾತ್ರಿ ಫೋನ್ ಮಾಡಿ 'ಮಗಳ ತಲೆ ಬಾಚಿದೆ ಮೇಡಂ' ಅಂದರು. ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಐದು ವಾರ ಬಂದರು. ಅಂಕ 21ಕ್ಕೆ ಇಳಿಯಿತು. ಇಂಥ ಕಾಯಿಲೆಗೆ ಸಾಮಾನ್ಯವಾಗಿ 12ರಿಂದ 20 ವಾರ ಬೇಕು. ನಾನು ಒಂದು ಸೆಷನ್ನಿಗೆ 700 ರೂಪಾಯಿ ತೆಗೆದುಕೊಳ್ಳುತ್ತೇನೆ. 16 ಸೆಷನ್ ಅಂದರೂ 11,200 ರೂಪಾಯಿ. ಖಾಸಗಿ ಶಾಲೆಯ ಸಂಬಳದಲ್ಲಿ, ಮಾತ್ರೆಯ ಖರ್ಚಿನ ಜೊತೆಗೆ, ಅದು ಕಮ್ಮಿಯೇನಲ್ಲ. ಅವರು ಒಂಬತ್ತು ವರ್ಷದಿಂದ ತಪ್ಪದೆ ಕುಟುಂಬ ಪಾಲಿಸಿಗೆ ಪ್ರೀಮಿಯಂ ಕಟ್ಟುತ್ತಿದ್ದರು. ನನ್ನ ಎದುರಿಗೇ ಕೂತು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಅವನ ಮೇಲೆ ನನಗೇನೂ ಕೋಪವಿಲ್ಲ. 'ಮೇಡಂ, ಅಡ್ಮಿಟ್ ಆಗಿದ್ರೆ ನೋಡಬಹುದಿತ್ತು. ಓಪಿಡಿಗೆ ಬರಲ್ಲ' ಅಂದ.

ಗೌರಿ ಹಬ್ಬಕ್ಕೆ ಮೊದಲೇ ಬರುವುದು ನಿಲ್ಲಿಸಿದರು. ಸಂಕ್ರಾಂತಿ ಕಳೆದ ಮೇಲೆ ಅವರ ಯಜಮಾನರು ಫೋನ್ ಮಾಡಿದರು. ಊಟದಲ್ಲಿ ಏನೋ ಸೇರಿದೆ ಅಂತ ಊಟ ಬಿಟ್ಟಿದ್ದರು, ತೂಕ ಎಂಟು ಕೆಜಿ ಇಳಿದಿತ್ತು, ಶಾಲೆಗೆ ಹೋಗುತ್ತಿರಲಿಲ್ಲ. ಅಂಕ 33. ಆಸ್ಪತ್ರೆಗೆ ಸೇರಿಸಲೇಬೇಕಾಯಿತು. ಒಂಬತ್ತು ದಿನ ಇದ್ದರು. ಬಿಲ್ 58,400 ರೂಪಾಯಿ. ಎರಡು ಸಲ ಪ್ರಶ್ನೆ ಕೇಳಿದ ಮೇಲೆ ಕಂಪನಿ ಅದರಲ್ಲಿ ಬಹುಪಾಲು ಕೊಟ್ಟಿತು. ಆದರೆ ಆ ಬಿಲ್ಲಿನಲ್ಲಿ ಆಸ್ಪತ್ರೆಯ ಸೈಕಾಲಜಿಸ್ಟ್ ಮಾಡಿದ ನಾಲ್ಕು ಸೆಷನ್ನಿನ 3,200 ರೂಪಾಯಿಯ ಸಾಲು ಇತ್ತು. ಅದರ ಮುಂದೆ 'ಪಾವತಿಗೆ ಅರ್ಹವಲ್ಲ' ಅಂತ ಬರೆದು ಹೊಡೆದು ಹಾಕಿದ್ದರು.

ಮಾನ್ಯರೇ, ಈ ಲೆಕ್ಕವನ್ನು ಒಮ್ಮೆ ನೀವೇ ಹಾಕಿ. ಉಳಿದಿದ್ದ 11 ಸೆಷನ್ನಿಗೆ 7,700 ರೂಪಾಯಿ ಕೊಡಲು ನಿಮ್ಮ ನಿಯಮ ಬಿಡಲಿಲ್ಲ. ಐದು ತಿಂಗಳಾದ ಮೇಲೆ ಅದರ ಆರು ಪಟ್ಟಿಗಿಂತ ಜಾಸ್ತಿ ಕೊಟ್ಟಿರಿ. ಆ ಹೆಣ್ಣುಮಗಳು ಕಳೆದುಕೊಂಡ ಐದು ತಿಂಗಳನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಕಾನೂನು ಇಲ್ಲ ಅಂತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನಿನ 4ನೇ ಉಪ ಸೆಕ್ಷನ್ ಸ್ಪಷ್ಟವಾಗಿದೆ. ದೈಹಿಕ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡಬೇಕು ಅಂತ ಅದು ಹೇಳುತ್ತದೆ. ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದೇ ಆಗಸ್ಟ್‌ನಲ್ಲಿ ನಿಮ್ಮ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2019ರಲ್ಲಿ ಮಾನಸಿಕ ಕಾಯಿಲೆಯನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂದಿರಿ. 2021ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಪಾಲಿಸಿದಾರರ ಪರ ತೀರ್ಪು ಕೊಟ್ಟು, ಕಾಯ್ದೆ ಜಾರಿಯಾದ ದಿನದಿಂದಲೇ ಇದು ಕಂಪನಿಗಳಿಗೆ ಅನ್ವಯ ಅಂತ ಹೇಳಿತು. 2022ರ ಅಕ್ಟೋಬರ್‌ನಲ್ಲಿ ನೀವು ಮತ್ತೆ ಗಡುವು ಕೊಟ್ಟಿರಿ. ಇಷ್ಟೆಲ್ಲ ಮಾಡಿದ್ದಕ್ಕೆ ನಾವು ನಿಮಗೆ ಋಣಿ. ಹತ್ತು ವರ್ಷದ ಹಿಂದೆ ಆ ಶಿಕ್ಷಕಿಗೆ ಆಸ್ಪತ್ರೆಯ ಬಿಲ್ಲೂ ಸಿಗುತ್ತಿರಲಿಲ್ಲ.

ಆದರೆ 'ಅದೇ ಆಧಾರ' ಅನ್ನುವ ಮಾತು ನಮ್ಮೂರಿಗೆ ಬರುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಇಲ್ಲಿ ಜನ ಕೊಳ್ಳುವ ಪಾಲಿಸಿಗಳು ಹೆಚ್ಚಾಗಿ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ದುಡ್ಡು ಕೊಡುವಂಥವು. ಕಾಲು ಮುರಿದವರಿಗೆ ಅದು ಸರಿಹೊಂದುತ್ತದೆ. ಖಿನ್ನತೆ, ಗಾಬರಿ, ಗೀಳು ಇರುವ ಬಹಳಷ್ಟು ಜನರಿಗೆ ಮಲಗುವ ಅಗತ್ಯವೇ ಇರುವುದಿಲ್ಲ. ಮಲಗಬಾರದು ಕೂಡ. ಕೆಲಸಕ್ಕೆ ಹೋಗುತ್ತಾ, ಮನೆ ನೋಡಿಕೊಳ್ಳುತ್ತಾ ವಾಸಿಯಾಗಬೇಕಾದ ಕಾಯಿಲೆಗಳಿವು. ಇಬ್ಬರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟು ಸಮಾನವಾಗಿ ಕೊಟ್ಟಿದ್ದೇವೆ ಅಂದರೆ, ಕಾಲು ಹಿಡಿಸದವರು ಬರಿಗಾಲಲ್ಲೇ ನಡೆಯಬೇಕಲ್ವಾ?

ದೇಹದ ಕಾಯಿಲೆಗೆ ನೀವೇ ಈ ನಿಯಮ ಸಡಿಲಿಸಿದ್ದೀರಿ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡವರು ಅವತ್ತೇ ಮನೆಗೆ ಹೋಗುತ್ತಾರೆ. ಡಯಾಲಿಸಿಸ್‌ಗೆ ನಾಲ್ಕು ಗಂಟೆ ಸಾಕು. ಕಿಮೊಥೆರಪಿಗೂ ರಾತ್ರಿ ಉಳಿಯಬೇಕಿಲ್ಲ. ಇವಕ್ಕೆಲ್ಲ ಡೇ ಕೇರ್ ಅಂತ ಹೆಸರಿಟ್ಟು ದುಡ್ಡು ಕೊಡುತ್ತೀರಿ, ಕೊಡಲೇಬೇಕು. ವಾರಕ್ಕೆ ಒಂದು ಗಂಟೆಯಂತೆ 16 ವಾರ ನಡೆಯುವ ಥೆರಪಿಯೂ ಒಂದು ಪೂರ್ತಿ ಚಿಕಿತ್ಸೆಯೇ. ಅದಕ್ಕೂ ಶುರು ಇದೆ, ಕೊನೆ ಇದೆ, ಫಲಿತಾಂಶ ಇದೆ. ಅದೂ ಆ ಪಟ್ಟಿಗೆ ಸೇರಲಿ.

ಈ ಜಾಗದಲ್ಲಿ ನನ್ನ ಅಪ್ಪನ ನೆನಪಾಗುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅವರು ಇಲ್ಲಿನ ಕಾಟನ್ ಮಿಲ್ಲೊಂದರಲ್ಲಿ ನೂಲು ತೆಗೆಯುವ ವಿಭಾಗದಲ್ಲಿದ್ದರು. ನಮ್ಮ ಮನೆಯ ಟ್ರಂಕಿನಲ್ಲಿ ಅವರ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇನ್ನೂ ಇದೆ. ಜ್ವರ ಬಂದರೆ, ಹತ್ತಿಯ ದೂಳಿಗೆ ಕೆಮ್ಮು ಬಂದರೆ ಆ ಕಾರ್ಡ್ ಹಿಡಿದು ಇಎಸ್ಐ ದವಾಖಾನೆಗೆ ಹೋಗುತ್ತಿದ್ದರು. ಡಾಕ್ಟರ್ ನೋಡುತ್ತಿದ್ದರು, ಔಷಧಿ ಕೊಡುತ್ತಿದ್ದರು, ಅಪ್ಪ ಸಂಜೆಯ ಪಾಳಿಗೆ ವಾಪಸ್ ಹೋಗುತ್ತಿದ್ದರು. ಮಲಗಿದ್ದೀಯಾ ಅಂತ ಯಾರೂ ಕೇಳುತ್ತಿರಲಿಲ್ಲ. ಅದೂ ವಿಮೆಯೇ ಅಲ್ವಾ? ಸಂಬಳದಿಂದ ಹಿಡಿದ ದುಡ್ಡು ಮತ್ತು ಮಾಲೀಕರು ಕಟ್ಟುವ ಪಾಲಿನಲ್ಲಿ ನಡೆಯುತ್ತಿದ್ದ ವಿಮೆ. 1948ರ ಕಾಯ್ದೆಯಡಿ ಬಂದ ಆ ಯೋಜನೆಯಲ್ಲಿ, ದೀರ್ಘಕಾಲ ರಜೆಯ ಪರಿಹಾರ ಸಿಗುವ 34 ಕಾಯಿಲೆಗಳ ಪಟ್ಟಿಯಲ್ಲಿ ತೀವ್ರ ಮಾನಸಿಕ ಕಾಯಿಲೆಯೂ ಇದೆ. ಮಿಲ್ ಕೆಲಸಗಾರನಿಗೆ ಸಾಧ್ಯವಾಗಿದ್ದು, ವರ್ಷಕ್ಕೆ ಇಪ್ಪತ್ತು ಸಾವಿರ ಪ್ರೀಮಿಯಂ ಕಟ್ಟುವ ಶಿಕ್ಷಕಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಉದಾಹರಣೆ ಪಕ್ಕದ ಬಳ್ಳಾರಿಯದು. ಇಡೀ ದೇಶದಲ್ಲಿ ಇವತ್ತು ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸ. ಮಾನಸಿಕ ರೋಗಿಯನ್ನು ದೂರದ ಆಸ್ಪತ್ರೆಯಲ್ಲಿ ಕೂಡಿಹಾಕದೆ, ಅವರ ಊರಿನ ಹತ್ತಿರವೇ ನೋಡಿ ಮನೆಗೆ ಕಳಿಸಬಹುದು ಅನ್ನುವುದು ಅದರ ತಿರುಳು. ಸರ್ಕಾರ ನಲವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲೇ ಕಲಿತ ಪಾಠವನ್ನು ವಿಮೆ ಕಂಪನಿಗಳು ಇನ್ನೂ ಕಲಿತಿಲ್ಲ.

ಈಗ ಚಿಕಿತ್ಸೆ ಮಾಡುವ ನಮ್ಮಂಥವರ ಪಾಡು ಹೇಳುತ್ತೇನೆ. ನನ್ನ ಹಾಗೆಯೇ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು, ಆಪ್ತಸಮಾಲೋಚಕರು ಇದನ್ನೇ ಅನುಭವಿಸುತ್ತಿದ್ದಾರೆ.

ನಿಮ್ಮ ಫಾರಂ ತುಂಬುವಾಗ ಚಿಕಿತ್ಸೆ ಕೊಟ್ಟವರ ನೋಂದಣಿ ಸಂಖ್ಯೆ ಅಂತ ಒಂದು ಖಾನೆ ಬರುತ್ತದೆ. ಅದು ವೈದ್ಯಕೀಯ ಮಂಡಳಿಯ ಸಂಖ್ಯೆಯನ್ನು ಮಾತ್ರ ಕೇಳುತ್ತದೆ. ಎಂ.ಫಿಲ್ ಮುಗಿಸಿ, ಆಸ್ಪತ್ರೆಯ ವಾರ್ಡುಗಳಲ್ಲಿ ಎರಡು ವರ್ಷ ತರಬೇತಿ ಪಡೆದು, ಸಂಸತ್ತಿನ ಕಾಯ್ದೆಯಡಿ ಸ್ಥಾಪನೆಯಾದ ಪುನರ್ವಸತಿ ಮಂಡಳಿಯಿಂದ ಪಡೆದ ನನ್ನ ಸಂಖ್ಯೆಗೆ ಅಲ್ಲಿ ಜಾಗವಿಲ್ಲ. 2021ರ ಸಹ ಆರೋಗ್ಯ ವೃತ್ತಿಗಳ ಕಾಯ್ದೆ ವರ್ತನಾ ಆರೋಗ್ಯದ ವೃತ್ತಿಯವರನ್ನು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸೋಶಿಯಲ್ ವರ್ಕರ್‌ಗಳನ್ನು ಹೆಸರು ಹಿಡಿದು ಗುರುತಿಸಿದೆ. ನಿಮ್ಮ ಫಾರಂ ಅವರನ್ನೂ ಗುರುತಿಸುವುದಿಲ್ಲ. ಆಸ್ಪತ್ರೆ ಅನ್ನುವುದಕ್ಕೆ ನಿಮ್ಮ ವ್ಯಾಖ್ಯೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ ಕೇಳುತ್ತದೆ. ಹಾಗಾದರೆ ಹಾಸಿಗೆ ಇಲ್ಲದೆ ಚಿಕಿತ್ಸೆ ಮಾಡುವ ನಾವು ಏನು?

ಇದಕ್ಕಿಂತ ನೋವು ಕೊಟ್ಟ ಸಂಗತಿ ಇನ್ನೊಂದಿದೆ. ಆ ಶಿಕ್ಷಕಿ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ನನಗೆ ಕ್ಲೇಮ್ ವಿಭಾಗದಿಂದ ಫೋನ್ ಬಂತು. ಮೊದಲು ಚಿಕಿತ್ಸೆ ಕೊಟ್ಟವರು ನೀವಲ್ವಾ ಅಂತ ಕೇಳಿದರು. ಹೌದು ಅಂದೆ. 'ಸೆಷನ್‌ನಲ್ಲಿ ಪೇಷಂಟ್ ಏನೇನ್ ಹೇಳಿದ್ರು ಅಂತ ಬರ್ಕೊಂಡಿರ್ತೀರಲ್ಲ ಮೇಡಂ, ಅದರ ಪ್ರತಿ ಕಳಿಸಿ. ಇಲ್ಲಾಂದ್ರೆ ಫೈಲ್ ಮುಂದೆ ಹೋಗಲ್ಲ' ಅಂದರು. ನನ್ನ ಆ ಪುಸ್ತಕದಲ್ಲಿ ಅವರ ಮದುವೆಯ ವಿಷಯ ಇದೆ, ಅತ್ತೆಯ ವಿಷಯ ಇದೆ, ಚಿಕ್ಕಂದಿನಲ್ಲಿ ಯಾರಿಗೂ ಹೇಳದ ಒಂದು ವಿಷಯ ಇದೆ. ಗಂಡನಿಗೇ ಹೇಳದ್ದನ್ನು ಅವರು ನನ್ನ ಎದುರು ಹೇಳಿದ್ದು ಆ ಕೋಣೆಯ ಗೋಡೆಗಳನ್ನು ನಂಬಿ. ಕಳಿಸುವುದಿಲ್ಲ ಅಂದೆ. ಕಾಯಿಲೆ ಏನು, ಎಷ್ಟು ತೀವ್ರ, ಎಷ್ಟು ಸೆಷನ್ ಆಗಿದೆ ಅಂತ ಒಂದು ಪುಟದ ವರದಿಯನ್ನು ರೋಗಿಯ ಒಪ್ಪಿಗೆ ಪಡೆದು ಕೊಟ್ಟೆ. ಫೈಲ್ ನಾಲ್ಕು ದಿನ ನಿಂತಿತು. ಆ ನಾಲ್ಕು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನ ಹಟದಿಂದ ಅವರಿಗೆ ದುಡ್ಡು ತಪ್ಪಿದರೆ ಅನ್ನುವ ಭಯ ಇತ್ತು.

ಆದರೆ ಅದು ಹಟವಲ್ಲ, ನನ್ನ ಕರ್ತವ್ಯ. ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯ ಹಕ್ಕನ್ನು ಹೇಳುತ್ತದೆ, ಅದನ್ನು ಕಾಪಾಡುವ ಹೊಣೆಯನ್ನು ಚಿಕಿತ್ಸೆ ಮಾಡುವವರ ಮೇಲೆ ಹೊರಿಸುತ್ತದೆ. ಯಾರಿಗೆ ಹೇಳಬಹುದು ಅನ್ನುವ ವಿನಾಯಿತಿಗಳನ್ನೂ ಅಲ್ಲೇ ಬರೆದಿದ್ದಾರೆ. ವಿಮೆ ಕಂಪನಿ ಆ ಪಟ್ಟಿಯಲ್ಲಿ ಇಲ್ಲ. ಹಾಸಿಗೆಯಲ್ಲಿ ನರಳುವ ರೋಗಿಯ ಮುಂದೆ ಒಪ್ಪಿಗೆ ಪತ್ರ ಇಟ್ಟು ಸಹಿ ಹಾಕಿಸಿಕೊಂಡರೆ ಅದನ್ನು ಮನಸಾರೆ ಕೊಟ್ಟ ಒಪ್ಪಿಗೆ ಅನ್ನಲು ನನಗೆ ಆಗುವುದಿಲ್ಲ.

ಕುಡಿತದ ವಿಷಯವನ್ನು ನೀವು ಬೇರೆಯಾಗಿಯೇ ನೋಡಬೇಕು ಅಂತ ಕೇಳಿಕೊಳ್ಳುತ್ತೇನೆ. ಹರಿಹರ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಕುಡಿತ ಬಿಟ್ಟ ಮೂರನೇ ದಿನ ಕೈಕಾಲು ನಡುಗಿ, ಇಲ್ಲದ್ದು ಕಾಣಿಸಿ, ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಂಡಿದ್ದ. ಕ್ಲೇಮ್ ಪೂರ್ತಿ ತಿರಸ್ಕಾರವಾಯಿತು. ಮದ್ಯ ಮತ್ತು ಮಾದಕ ವಸ್ತುವಿನ ಚಟದ ಚಿಕಿತ್ಸೆಯನ್ನು ಹೊರಗಿಡಲು ನಿಮ್ಮ ಪ್ರಮಾಣಿತ ಷರತ್ತುಗಳೇ ಅವಕಾಶ ಕೊಡುತ್ತವೆ. ಆದರೆ 2017ರ ಕಾಯ್ದೆ ಮಾನಸಿಕ ಕಾಯಿಲೆ ಅಂದರೇನು ಅಂತ ಹೇಳುವಾಗ ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ಒಂದು ಕಡೆ ಕಾಯಿಲೆ ಅನ್ನುವ ಸಂಸತ್ತು, ಇನ್ನೊಂದು ಕಡೆ ಅದನ್ನು ಹೊರಗಿಡುವ ಪಾಲಿಸಿ. ಆ ತಾಯಿ ಓಲೆ ಅಡವಿಟ್ಟು ಬಿಲ್ ಕಟ್ಟಿದರು. ಅವರಿಗೆ ನಾನು ಇದನ್ನು ಹೇಗೆ ವಿವರಿಸಲಿ?

ಕಂಪನಿಗಳ ಕಡೆಯ ಮಾತೂ ನನಗೆ ಗೊತ್ತು. ವಿಮೆ ಕ್ಷೇತ್ರದಲ್ಲಿರುವ ಸ್ನೇಹಿತರೊಬ್ಬರು ನೇರವಾಗಿ ಕೇಳಿದರು: ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಒಳಗೆ ಏನು ನಡೀತು ಅಂತ ನಮಗೆ ಹೇಗೆ ಗೊತ್ತಾಗಬೇಕು, ಸುಮ್ನೆ ಬಿಲ್ ಬರೆದರೆ? ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. ಮೇಲೆ ಹೇಳಿದ 40 ಅಂಕದ ಮಾಪಕದ ಹಾಗೆಯೇ ಖಿನ್ನತೆಗೆ ಒಂಬತ್ತು ಪ್ರಶ್ನೆಗಳ, 27 ಅಂಕದ ಮಾಪಕ ಇದೆ. ಐದು ನಿಮಿಷದಲ್ಲಿ ತುಂಬಬಹುದು. ಆರು ಸೆಷನ್ನಿಗೆ ಒಮ್ಮೆ ಈ ಅಂಕ ಕೇಳಿ, ರೋಗಿ ಒಪ್ಪಿದರೆ ನಾವು ಖುಷಿಯಿಂದ ಕೊಡುತ್ತೇವೆ. ಕಮ್ಮಿಯಾಗುತ್ತಿಲ್ಲ ಅಂದರೆ ಚಿಕಿತ್ಸೆ ಬದಲಿಸಬೇಕೇ ಅಂತ ನಮ್ಮನ್ನೇ ಕೇಳಿ. ಮನೋವೈದ್ಯರ ಶಿಫಾರಸು ಬೇಕು ಅಂತ ಷರತ್ತು ಹಾಕಿ, ಒಪ್ಪೋಣ. ಲೆಕ್ಕ ಕೊಡಲು ನಮಗೆ ಹಿಂಜರಿಕೆಯಿಲ್ಲ. ರೋಗಿಯ ಗುಟ್ಟು ಕೊಡಲು ಮಾತ್ರ ಆಗುವುದಿಲ್ಲ.

ಬೇರೆ ದೇಶದಲ್ಲಿ ಇದು ನಡೆಯುತ್ತಿದೆ. ಅಮೆರಿಕದಲ್ಲಿ ಥೆರಪಿಯ ಸೆಷನ್ನಿಗೆ ನಿಮಿಷದ ಲೆಕ್ಕದಲ್ಲಿ ಬೇರೆ ಬೇರೆ ಬಿಲ್ ಸಂಕೇತಗಳಿವೆ. ವಿಮೆಯಲ್ಲಿ ಮನಸ್ಸು ಮತ್ತು ದೇಹಕ್ಕೆ ಸಮಾನತೆ ತರುವ ಕಾನೂನು 2008ರಲ್ಲೇ ಬಂದಿದೆ. ಅಲ್ಲಿಯೂ ಎಲ್ಲ ಸರಿಯಿಲ್ಲ. ಕಂಪನಿಗಳು ಕೊಡುವ ದರ ಕಡಿಮೆ, ಕಾಗದದ ಕೆಲಸ ಜಾಸ್ತಿ ಅಂತ ಎಷ್ಟೋ ಥೆರಪಿಸ್ಟ್‌ಗಳು ವಿಮೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡವರ ಜಾಲದಿಂದ ಹೊರಗೇ ಉಳಿಯುತ್ತಾರೆ. ಹಾಗಾಗಿ ಪಾಲಿಸಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಲದು. ಚಿಕಿತ್ಸೆ ಮಾಡುವವರು ನಿಮ್ಮ ಜೊತೆ ಉಳಿಯುವ ಹಾಗೆ ದರ ಇರಬೇಕು, ದುಡ್ಡು ಸಮಯಕ್ಕೆ ಬರಬೇಕು.

ಈಚೆಗೆ ಕೆಲವು ಪಾಲಿಸಿಗಳಲ್ಲಿ ಆ್ಯಪ್ ಮೂಲಕ ಉಚಿತ ಕೌನ್ಸೆಲಿಂಗ್ ಕೊಡುತ್ತಿದ್ದಾರೆ. ಒಳ್ಳೆಯ ಹೆಜ್ಜೆ. ಆದರೆ ಅದನ್ನು ಬಳಸಿದ ನನ್ನ ಇಬ್ಬರು ರೋಗಿಗಳಿಗೆ ಆ ಕಡೆ ಸಿಕ್ಕವರು ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲಿಲ್ಲ. ಪ್ರತಿ ಸಲವೂ ಹೊಸಬರು. ಜಗಳೂರಿನ ಒಬ್ಬ ಹುಡುಗಿ 'ಎದೆ ಝಲ್ ಅಂತದೆ, ಜೀವ ಬ್ಯಾಸರ ಆಗೇತಿ' ಅಂದರೆ ಅದರ ತೂಕ ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯಲ್ಲಿ ನಡೆಯುತ್ತಿದೆ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಸರ್ಕಾರ ಮಾಡಿದ್ದನ್ನು ಪ್ರೀಮಿಯಂ ಪಡೆಯುವ ಕಂಪನಿಗಳೂ ಮಾಡಬಹುದಲ್ವಾ?

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೀವು ನೋಡಿರುತ್ತೀರಿ. ವಯಸ್ಕರಲ್ಲಿ ಶೇಕಡ 10.6 ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆಲ್ಲ ವಿಮೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ನಾಚಿಕೆ ಇದೆ, ಅರಿವಿನ ಕೊರತೆ ಇದೆ, ವೈದ್ಯರ ಕೊರತೆ ಇದೆ. ಆದರೆ ನಾಚಿಕೆ ದಾಟಿ, ಬಸ್ ಹತ್ತಿ, ನನ್ನ ಮಹಡಿಯ ಮೆಟ್ಟಿಲು ಹತ್ತಿ ಬಂದವರು ದುಡ್ಡಿಲ್ಲದೆ ಅರ್ಧಕ್ಕೆ ವಾಪಸ್ ಹೋಗುವುದನ್ನು ನಾನು ಪ್ರತಿ ತಿಂಗಳೂ ನೋಡುತ್ತಿದ್ದೇನೆ. ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಮನೋವೈದ್ಯರು ಬರೆದುಕೊಟ್ಟ ಥೆರಪಿಯನ್ನು, ವರ್ಷಕ್ಕೆ ಕನಿಷ್ಠ 20 ಸೆಷನ್ ತನಕ, ಬೇರೆ ಪ್ರೀಮಿಯಂ ಇಲ್ಲದೆ ಮೂಲ ಪಾಲಿಸಿಯಲ್ಲೇ ಡೇ ಕೇರ್ ಚಿಕಿತ್ಸೆಯ ಹಾಗೆ ಸೇರಿಸಿ. ಪುನರ್ವಸತಿ ಮಂಡಳಿಯ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ, ಅರ್ಹತೆ ಇರುವ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳಿಗೆ ಹಾಸಿಗೆಯ ಲೆಕ್ಕ ಕೇಳದೆ ನಿಮ್ಮ ಜಾಲದಲ್ಲಿ ಜಾಗ ಕೊಡಿ. ನಮ್ಮ ನೋಂದಣಿ ಸಂಖ್ಯೆಗೆ ಫಾರಂನಲ್ಲಿ ಒಂದು ಖಾನೆ ಮಾಡುವುದಂತೂ ಒಂದು ದಿನದ ಕೆಲಸ. ಆಸ್ಪತ್ರೆ ಬಿಲ್ಲಿನಲ್ಲಿ ಸೈಕಾಲಜಿಸ್ಟ್ ಶುಲ್ಕ ಕಡಿಯುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಸೆಷನ್ನಿನ ಟಿಪ್ಪಣಿಗಳನ್ನು ಯಾವ ಕಂಪನಿಯೂ, ಕಂಪನಿಯ ಪರವಾಗಿ ಕ್ಲೇಮ್ ನೋಡುವ ಯಾವ ಟಿಪಿಎಯೂ ಕೇಳುವಂತಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ, ಏನು ಕೇಳಬಹುದು ಅಂತ ಒಂದು ಪುಟದ ನಮೂನೆ ಕೊಡಿ. ಚಟದ ಚಿಕಿತ್ಸೆಯನ್ನು ಹೊರಗಿಡುವ ಷರತ್ತನ್ನು 2017ರ ಕಾಯ್ದೆಯ ಜೊತೆ ಇಟ್ಟು ಮತ್ತೆ ಪರಿಶೀಲಿಸಿ.

ಇದು ನಿಮ್ಮಿಂದ ಆಗದ ಕೆಲಸವಲ್ಲ. 2024ರ ಮೇ ತಿಂಗಳಲ್ಲಿ ನೀವು ಹೊರಡಿಸಿದ ಸುತ್ತೋಲೆಯಲ್ಲಿ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಹೇಳಿದಿರಿ. ಅಂಥ ನಿಯಮ ಬರುತ್ತದೆ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ಆ ಗಟ್ಟಿತನವೇ ಈ ವಿಷಯದಲ್ಲೂ ಬೇಕು.

ದೂರು ಕೊಡಲು ನಿಮ್ಮ ಬಿಮಾ ಭರೋಸಾ ಜಾಲತಾಣ ಇದೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ ಅಂತ ನೀವು ಹೇಳಬಹುದು. ನಾನೂ ರೋಗಿಗಳಿಗೆ ಅದನ್ನೇ ಹೇಳುತ್ತೇನೆ. ಆದರೆ ಖಿನ್ನತೆ ಇರುವವರಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸವಾಗಿರುತ್ತದೆ. ಅವರು ದಾಖಲೆ ಜೋಡಿಸಿ, ತಮ್ಮ ಕಾಯಿಲೆಯನ್ನು ಗುರುತಿಲ್ಲದವರಿಗೆ ಮತ್ತೆ ಮತ್ತೆ ವಿವರಿಸಿ, ತಿಂಗಳುಗಟ್ಟಲೆ ಹೋರಾಡುತ್ತಾರೆ ಅಂತ ನಿರೀಕ್ಷಿಸುವುದು ಸರಿಯಲ್ಲ. ನನ್ನ ಬಳಿ ಬಂದ ಒಬ್ಬರೂ ಇದುವರೆಗೆ ಕೊನೆ ತನಕ ದೂರು ನಡೆಸಿಲ್ಲ.

ಆ ಶಿಕ್ಷಕಿ ಈಗ ಚೆನ್ನಾಗಿದ್ದಾರೆ. ಡಿಸ್ಚಾರ್ಜ್ ಆದ ಮೇಲೆ ಮತ್ತೆ ಬಂದರು, ಕಂತಿನಲ್ಲಿ ದುಡ್ಡು ಕೊಟ್ಟು 16 ಸೆಷನ್ ಮುಗಿಸಿದರು. ಕೊನೆಯ ಸಲ ಅಳೆದಾಗ ಅಂಕ 12 ಇತ್ತು. ಸೀಮೆಸುಣ್ಣ ಹಿಡಿದು ಪಾಠ ಮಾಡುತ್ತಿದ್ದಾರೆ. ಹೋದ ವಾರ ಮಗಳ ಜೊತೆ ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದಿದ್ದರು. ಮುಂದಿನ ತಿಂಗಳು ಅವರ ಪಾಲಿಸಿ ನವೀಕರಣ ಇದೆ. ಈ ಸಲ ಕಟ್ಟಬೇಕೋ ಬೇಡವೋ ಅಂತ ನನ್ನನ್ನು ಕೇಳಿದರು. ಕಟ್ಟಿ ಅಂದೆ. 'ಮತ್ತೆ ಹಾಗೇ ಆದ್ರೆ, ಮಲಗೋ ತನಕ ಕಾಯಬೇಕಾ ಮೇಡಂ?' ಅಂದರು.

ಅವರಿಗೆ ಒಂದು ತಿಂಗಳ ಸಮಯ ಕೇಳಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್,
ದಾವಣಗೆರೆ